ಉಳಿದದ್ದೆಲ್ಲ ಉಳ್ಳವರದ್ದೇನಾ? ಪದೇ ಪದೇ ಕೇಳುವ ಪ್ರಶ್ನೆಗಳು

ರಜೆ ಸಿಕ್ಕಾಗ ಗೆಳೆಯರನ್ನು, ಗೆಳೆಯರ ಗೆಳೆಯರನ್ನು ಕಟ್ಟಿಕೊಂಡು ಹಳೆಯ ಗುಡಿ, ಬಸದಿ, ಶಾಸನ ನೋಡಲು ಹೋಗುವುದು ನನ್ನ ಹುಚ್ಚು. ಎಲ್ಲಿ ಹೋದರೂ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಬಸ್ಸಿನಲ್ಲಿ ಕೇಳುತ್ತಾರೆ, ಇಡ್ಲಿ ತಿನ್ನುತ್ತಾ ಕೇಳುತ್ತಾರೆ, ಊರಿಗೆ ಹೋದ ಮೇಲೆ ಪತ್ರ ಬರೆದು ಕೇಳುತ್ತಾರೆ. ಪ್ರತಿ ಸಲ ಮೊದಲಿಂದ ಹೇಳಿ ಹೇಳಿ ಸಾಕಾಗಿ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ, ಬೇಕಾದಲ್ಲಿಂದ ಓದಬಹುದು. ಉದಾಹರಣೆಗಳು ಹೆಚ್ಚುಕಮ್ಮಿ ಎಲ್ಲ ನಮ್ಮ ಕಡೆಯವೇ, ಕಾಲಿಟ್ಟು ನೋಡಿದ್ದು ಅದನ್ನೇ ಆದ್ದರಿಂದ.

## ಶುರುವಿನಲ್ಲೇ ಬರುವವು

ಉಳಿದಿರೋ ಕಲೆ ಎಲ್ಲ ದುಡ್ಡಿದ್ದೋರದ್ದೇ ಅಲ್ವಾ ಸರ್? ಹೌದೋ ಅಲ್ವೋ, ಒಂದೇ ಮಾತಲ್ಲಿ ಹೇಳಿ.

ಖರ್ಚು ಅವರದ್ದು, ಮಾತು ಯಾವಾಗಲೂ ಅವರದ್ದಲ್ಲ. ಕಲ್ಲು ತರಿಸಲು, ಓಲೆಗರಿ ಬರೆಸಲು, ಬರೆಸಿದ್ದಕ್ಕೆ ಗೆದ್ದಲು ಹತ್ತದ ಹಾಗೆ ತಲೆಮಾರುಗಟ್ಟಲೆ ಕಾಯಲು ದುಡ್ಡು ಬೇಕು, ಜಾಗ ಬೇಕು, ಆಳು ಬೇಕು. ಇವೆಲ್ಲ ಇದ್ದದ್ದು ಅರಸರು, ಸೆಟ್ಟರು, ಮಠ, ಬಸದಿಗಳ ಹತ್ತಿರ. ಹಾಗಾಗಿ ಏನು ಉಳಿಯಿತು ಅನ್ನುವುದರಲ್ಲಿ ಅವರ ಕೈ ದೊಡ್ಡದು. ಆದರೆ ಉಳಿದದ್ದರ ಒಳಗೆ ಬಗ್ಗಿ ನೋಡಿದರೆ, ದುಡ್ಡು ಕೊಟ್ಟವರಿಗೇ ಇರಿಸುಮುರಿಸಾಗುವಂಥದ್ದು ಎಷ್ಟೋ ಸಲ ಸಿಗುತ್ತದೆ. ದುಡ್ಡೇ ಇಲ್ಲದೆ ಉಳಿದದ್ದೂ ಇದೆ, ಅದು ಉಳಿದ ದಾರಿ ಬೇರೆ.

ರಾಜರು ಇಲ್ದಿದ್ರೆ ಬೇಲೂರು ಎಲ್ಲಿರ್ತಿತ್ತು? ಥ್ಯಾಂಕ್ಸ್ ಹೇಳೋದು ಬಿಟ್ಟು ಯಾಕೆ ತಕರಾರು?

ತಕರಾರೇನಿಲ್ಲ. 1117ರಲ್ಲಿ ವಿಷ್ಣುವರ್ಧನ ಮನಸ್ಸು ಮಾಡದಿದ್ದರೆ ಬೇಲೂರಿನ ಗುಡಿ ಇರುತ್ತಿರಲಿಲ್ಲ. ಆದರೆ ಥ್ಯಾಂಕ್ಸ್ ಹೇಳುವುದಾದರೆ ಪಟ್ಟಿ ಪೂರ್ತಿ ಇರಲಿ. ಗುಡಿಗೆ ಬಿಟ್ಟ ಊರುಗಳ ಹೆಸರು ಶಾಸನದಲ್ಲಿ ಸಾಲಾಗಿ ಬರುತ್ತದೆ. ಊರು ಬಿಡುವುದು ಅಂದರೆ ಏನು? ಆ ಊರಿನ ರೈತ ಅರಮನೆಗೆ ಅಳೆಯುತ್ತಿದ್ದ ತೆರಿಗೆಯನ್ನು ಇನ್ನು ಮುಂದೆ ಗುಡಿಗೆ ಅಳೆಯಬೇಕು. ಅವನ ಹೆಸರು ಶಾಸನದಲ್ಲಿ ಇರುವುದಿಲ್ಲ, ಅವನ ಊರಿನದ್ದು ಇರುತ್ತದೆ. ಇನ್ನೊಂದು ಮಾತು, ಎಲ್ಲವನ್ನೂ ರಾಜನೇ ಕಟ್ಟಿಸಲಿಲ್ಲ. ಹಳೇಬೀಡಿನ ಗುಡಿಯನ್ನು 1121ರಲ್ಲಿ ಶುರು ಮಾಡಿಸಿದವನು ಕೇತಮಲ್ಲ ಎಂಬ ಅಧಿಕಾರಿ. 1258ರ ಸೋಮನಾಥಪುರದ್ದು ದಂಡನಾಯಕ ಸೋಮನಾಥನದ್ದು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಈ ಮೂರೂ ಒಟ್ಟಿಗೆ.

ಶ್ರವಣಬೆಳಗೊಳಕ್ಕೆ ಹೋದರೆ ಗೊಮ್ಮಟನ ಮುಖ ನೋಡಿ ಆದ ಮೇಲೆ ಕಾಲ ಬುಡ ನೋಡಿ. 58 ಅಡಿಯ ಮೂರ್ತಿ, 981ರ ಸುಮಾರಿನದು. ಬುಡದಲ್ಲಿ ‘ಶ್ರೀ ಚಾವುಂಡರಾಜಂ ಮಾಡಿಸಿದಂ’ ಅಂತಿದೆ. ಸುತ್ತಿನ ಪ್ರಾಕಾರವನ್ನು ಗಂಗರಾಜ ‘ಮಾಡಿಸಿದಂ’ ಅಂತಲೂ ಇದೆ. ಮಾಡಿದಂ ಅಲ್ಲ, ಮಾಡಿಸಿದಂ. ಆ ನಡುವಿನ ‘ಸಿ’ ಇದೆಯಲ್ಲ, ಒಂದೇ ಅಕ್ಷರ, ಅದರೊಳಗೆ ಉಳಿ ಹಿಡಿದವರು, ಸುತ್ತಿಗೆ ಹೊಡೆದವರು, ಅವರಿಗೆ ಗಂಜಿ ಕಾಯಿಸಿದವರು ಎಲ್ಲ ಕೂತಿದ್ದಾರೆ. ಕನ್ನಡ ಇಲ್ಲಿ ಸುಳ್ಳು ಹೇಳಿಲ್ಲ ನೋಡಿ. ಮಾಡಿದವರು ಬೇರೆ ಇದ್ದರು ಅಂತ ಆ ಶಾಸನವೇ ಒಪ್ಪಿಕೊಂಡಿದೆ.

ಅಲ್ಲೇ ಎದುರಿಗೆ ಗುಳ್ಳಕಾಯಜ್ಜಿ ನಿಂತಿದ್ದಾಳೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಗೊಮ್ಮಟನ ಸೊಂಟದಿಂದ ಕೆಳಗೆ ಇಳಿಯಲಿಲ್ಲವಂತೆ, ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಲ್ಲಿ ತಂದ ಹಾಲು ಪಾದದವರೆಗೂ ಇಳಿಯಿತಂತೆ. ಮಾಡಿಸಿದವನ ಅಂಗಳದಲ್ಲೇ ಮಾಡಿಸಿದವನ ಜಂಬ ಮುರಿಯುವ ಕಥೆಗೂ ಒಂದು ಕಲ್ಲು ಸಿಕ್ಕಿದೆ.

ಹಾಗಾದ್ರೆ ಕೆತ್ತಿದೋರ ಹೆಸರು ಎಲ್ಲೂ ಇಲ್ವಾ?

ಇದೆ, ಬಗ್ಗಬೇಕು ಅಷ್ಟೇ. ಹೊಯ್ಸಳರ ಕಾಲದ ಶಿಲ್ಪಿಗಳು ಈ ವಿಷಯದಲ್ಲಿ ಸ್ವಲ್ಪ ಗಟ್ಟಿಗರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇಬ್ಬರ ಹೆಸರೂ ವಿಗ್ರಹಗಳ ಕೆಳಗಿದೆ. ಸೋಮನಾಥಪುರದ ಹೊರಗೋಡೆಯಲ್ಲಿ ಪೀಠಗಳನ್ನು ಒಂದೊಂದಾಗಿ ನೋಡುತ್ತಾ ಬನ್ನಿ, ಮಲ್ಲಿತಮ್ಮ ಅಂತ ಮತ್ತೆ ಮತ್ತೆ ಸಿಗುತ್ತದೆ, ಕೆಲವು ಕಡೆ ಬರೀ ‘ಮಲ್ಲಿ’. ಕಲ್ಲು ಬಳಪದ ಕಲ್ಲು. ಅಗೆದು ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಸರದ ಮಣಿಗಳನ್ನು ಬಿಡಿಬಿಡಿಯಾಗಿ ಎಬ್ಬಿಸಿದ ಕೈಗೆ ಹೆಸರು ಕೊರೆಯುವುದು ಎಷ್ಟು ಹೊತ್ತಿನ ಕೆಲಸ? ಮಾಡಿಸಿದವನ ಹೆಸರು ದೊಡ್ಡ ಶಾಸನದಲ್ಲಿ ಬಿರುದುಗಳ ಜೊತೆ ಮೆರವಣಿಗೆ ಹೊರಟರೆ, ಮಾಡಿದವನದ್ದು ದೇವರ ಕಾಲ ಕೆಳಗೆ ಬೆರಳಗಲದ ಅಕ್ಷರದಲ್ಲಿ ಕೂತಿದೆ. ಎರಡೂ ಅಷ್ಟೇ ಕಾಲ ಬಾಳಿವೆ.

ದುಡಿದು ತಿನ್ನೋರಿಗೆ ಕಲೆ ಮಾಡೋಕೆ ಪುರುಸೊತ್ತು ಎಲ್ಲಿತ್ತು?

ಈ ಪ್ರಶ್ನೆ ಕೇಳಿದಾಗ ನನಗೆ ಸಣ್ಣಗೆ ಸಿಟ್ಟು ಬರುತ್ತದೆ. ನಮ್ಮಜ್ಜಿ ಕೋಳಿ ಕೂಗುವ ಮೊದಲೇ ಬೀಸಲು ಕೂರುತ್ತಿದ್ದಳು. ಬಲಗೈ ಗೂಟ ಹಿಡಿದಿದೆ, ಎಡಗೈ ಹಿಡಿ ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಹಾಕುತ್ತಿದೆ, ಸುತ್ತ ಹಿಟ್ಟು ಉದುರುತ್ತಿದೆ. ‘ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಲಿ’ ಅನ್ನುವ ಸಾಲು ಮುಗಿಯುವುದಕ್ಕೂ ಕಲ್ಲು ಸುತ್ತು ಬರುವುದಕ್ಕೂ ಸರಿಹೋಗಬೇಕು. ರಾಗಿ ತೇವ ಆಗಿ ಕಲ್ಲು ಎಳೆದರೆ ರಾಗವೂ ಎಳೆಯುತ್ತಿತ್ತು. ಕೈಗೆ ಪುರುಸೊತ್ತಿರಲಿಲ್ಲ, ಬಾಯಿಗಿತ್ತು.

ಸಾಗರ, ಸೊರಬದ ಕಡೆ ದೀವರ ಹೆಂಗಸರು ಗೋಡೆ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಗೆರೆ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಮತ್ತೆ ಗೋಡೆ ಸಾರಿಸುವ ಹೊತ್ತಿಗೆ ಅದು ಹೋಯಿತು. ಅಜ್ಜಿಯ ಪದಗಳೂ ಹಾಗೇ. ಊರಿಗೆ ಹಿಟ್ಟಿನ ಗಿರಣಿ ಬಂತು, ಕಲ್ಲು ನಿಂತಿತು, ಪದ ನಿಂತಿತು. ಹಾಗಂತ ಕೈ ನೋಯುವ ಕೆಲಸ ಮುಂದುವರಿಯಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಗಿರಣಿ ಬಂದ ದಿನ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವಳು ಅಜ್ಜಿಯೇ.

## ಸ್ವಲ್ಪ ಒಳಗೆ ಹೋದವು

ಚೆನ್ನಾಗಿರೋದು ಉಳೀತು, ಇಲ್ಲದ್ದು ಹೋಯ್ತು. ಅಷ್ಟೇ ತಾನೆ?

ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಪೊನ್ನನ ಎರಡು ಕೃತಿಗಳನ್ನೇ ತೆಗೆದುಕೊಳ್ಳಿ. ಶಾಂತಿಪುರಾಣ ನಮ್ಮ ಕೈಗೆ ಬಂದಿದೆ. ಭುವನೈಕರಾಮಾಭ್ಯುದಯ ಬಂದಿಲ್ಲ, ಬೇರೆಯವರು ಎತ್ತಿ ಹೇಳಿದ ಪದ್ಯಗಳಿಂದ ಅದು ಇತ್ತು ಅಂತ ಗೊತ್ತು. ಎರಡನೆಯದು ಕೆಟ್ಟದಾಗಿತ್ತಾ? ಗೊತ್ತಾಗುವ ದಾರಿಯೇ ಇಲ್ಲ. ಆದರೆ ಮೊದಲನೆಯದರ ಬೆನ್ನಿಗೆ ಅತ್ತಿಮಬ್ಬೆ ನಿಂತಿದ್ದಳು. ಶಾಂತಿಪುರಾಣವನ್ನು 1000 ಪ್ರತಿ ಬರೆಸಿ ಹಂಚಿದಳು ಅನ್ನುವ ಮಾತು ಪ್ರಸಿದ್ಧ. ಅಚ್ಚಿನ ಯಂತ್ರ ಇಲ್ಲದ ಹತ್ತನೇ ಶತಮಾನ ಅದು. ಒಂದೊಂದು ಗರಿಯನ್ನೂ ಕಂಟದಿಂದ, ಅಂದರೆ ಬರೆಯುವ ಕಬ್ಬಿಣದ ಕಡ್ಡಿಯಿಂದ ಕೊರೆದು, ಮಸಿ ಉಜ್ಜಿ, ಪೋಣಿಸಿ ಕಟ್ಟಬೇಕು. ಸಾವಿರದಲ್ಲಿ ಒಂಬೈನೂರ ತೊಂಬತ್ತು ಗೆದ್ದಲಿಗೆ ಹೋದರೂ ಹತ್ತು ಉಳಿಯುತ್ತವೆ. ರನ್ನನಿಂದ ಅಜಿತಪುರಾಣ ಬರೆಸಿದವಳೂ ಅವಳೇ, 993ರಲ್ಲಿ. ಆ ರನ್ನ ಬಳೆಗಾರರ ಮನೆಯವನು. ಅವನ ಪರಶುರಾಮಚರಿತ ಕಳೆದುಹೋಗಿದೆ.

ದುಡ್ಡಿದ್ದರೆ ಸಾಕು ಅಂತಲೂ ಇಲ್ಲ. ಹಂಪಿಯಲ್ಲಿ ಗುಡಿಗಳು ನಿಂತಿವೆ, ಅರಸರ ಮನೆಗಳ ಕಲ್ಲಿನ ತಳ ಮಾತ್ರ ಇದೆ. ಮೇಲಿನದ್ದು ಮರದ್ದು, 1565ರ ನಂತರ ಸುಟ್ಟೋ ಕೊಳೆತೋ ಹೋಯಿತು. ಮಲಗುವ ಕೋಣೆಯನ್ನು ಮರದಲ್ಲೂ ದೇವರ ಮನೆಯನ್ನು ಕಲ್ಲಲ್ಲೂ ಕಟ್ಟಿದರಲ್ಲ, ಅಲ್ಲೇ ತೀರ್ಮಾನ ಆಗಿತ್ತು. ಹತ್ತಿರದ ಕಾಲದ್ದೇ ಬೇಕಾದರೆ, ಕನ್ನಡದ ಮೊದಲ ಮಾತಿನ ಸಿನಿಮಾ ಸತಿ ಸುಲೋಚನಾ, 1934. ದುಡ್ಡು ಹಾಕಿ ತೆಗೆದರು, ಜನ ಮುಗಿಬಿದ್ದು ನೋಡಿದರು. ಇವತ್ತು ಒಂದು ಪ್ರಿಂಟೂ ಇಲ್ಲ.

ವಚನ ಉಳೀತಲ್ರೀ? ಅದು ಉಳ್ಳವರ ವಿರುದ್ಧಾನೇ ಇತ್ತಲ್ಲ!

ಈ ಒಂದು ಪ್ರಶ್ನೆಯಿಂದಲೇ ನನ್ನ ತಲೆ ಎಷ್ಟೋ ಸಲ ತಿರುಗಿದೆ. ‘ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡಲಿ ಬಡವನಯ್ಯಾ’ ಅಂತ ಶುರುವಾಗಿ ‘ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ’ ಅಂತ ಮುಗಿಯುವ ವಚನ ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ನಾವು ಮಾತಾಡುತ್ತಿರುವ ವಿಷಯವನ್ನೇ ಹನ್ನೆರಡನೇ ಶತಮಾನದಲ್ಲಿ ನೇರವಾಗಿ ಕೈಗೆತ್ತಿಕೊಂಡ ಮಾತು ಅದು. ಅವರು ಕಲ್ಲಲ್ಲಿ ಕಟ್ಟಲಿ, ನನ್ನ ಕಾಲೇ ಕಂಬ ಅನ್ನುವ ಧೈರ್ಯ.

ಆದರೆ ಎರಡು ಮುಜುಗರದ ಸಂಗತಿ ಇದೆ. ಒಂದು, ‘ಬಡವನಯ್ಯಾ’ ಅಂದ ಬಸವಣ್ಣ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವರು. ಅದರಿಂದ ಮಾತಿನ ತೂಕ ಕಮ್ಮಿಯಾಗುವುದಿಲ್ಲ, ಆದರೆ ಬಡವ ಅನ್ನುವುದನ್ನು ಲೆಕ್ಕದ ಪುಸ್ತಕದಂತೆ ಓದಬೇಡಿ. ಎರಡು, ಆ ವಚನಗಳು ಉಳಿದದ್ದು ಹೇಗೆ? ಕಲ್ಯಾಣ ಚೆದುರಿ ಇನ್ನೂರೈವತ್ತು ವರ್ಷ ದಾಟಿದ ಮೇಲೆ ವಿಜಯನಗರದಲ್ಲಿ ಪ್ರೌಢದೇವರಾಯ ಆಳುತ್ತಿದ್ದಾಗ (1424ರಿಂದ 1446), ಲಕ್ಕಣ್ಣ ದಂಡೇಶನಂಥ ಅಧಿಕಾರಿಗಳು, ವಿರಕ್ತರು ಸೇರಿ ಹಳೆಯ ವಚನಗಳನ್ನು ಹುಡುಕಿಸಿ, ಜೋಡಿಸಿ, ಬರೆಸಿದರು. ವಚನಗಳನ್ನು ಶರಣರ ಮಾತುಕತೆಯಾಗಿ ಹೆಣೆದ ಶೂನ್ಯಸಂಪಾದನೆ ಹುಟ್ಟಿದ್ದು ಆ ಶತಮಾನದಲ್ಲೇ. ಆಮೇಲೆ ಮಠಗಳ ಅಟ್ಟದಲ್ಲಿ, ಭಕ್ತರ ಮನೆಯ ದೇವರ ಗೂಡಿನಲ್ಲಿ ಓಲೆಗರಿಗಳು ಕೂತವು. ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಕೂಡಿಹಾಕಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದರು. ದುಡ್ಡು ಸಾಲದೆ ಕೈಯಿಂದ ಸುರಿದರು. ಅಂದರೆ ಜಂಗಮ ನಮ್ಮವರೆಗೆ ಬಂದದ್ದು ಒಂದಷ್ಟು ಸ್ಥಾವರಗಳಲ್ಲಿ ತಂಗಿ ತಂಗಿಯೇ.

ಇನ್ನು ಎಷ್ಟು ಬಂತು ನೋಡಿ. ಬಸವಣ್ಣನವರದ್ದು ಸಾವಿರಕ್ಕೂ ಜಾಸ್ತಿ ಸಿಕ್ಕಿದೆ. ಸೂಳೆ ಸಂಕವ್ವೆಯದ್ದು ಒಂದೇ ಒಂದು. ಆಕೆ ಒಂದೇ ಹೇಳಿ ಸುಮ್ಮನಾದಳು ಅಂತ ನಂಬಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಆ ಒಂದನ್ನು ಬಿಸಾಡದೆ ಬರೆದಿಟ್ಟ ಕೈ ಯಾರದ್ದೋ, ಅವರಿಗೊಂದು ನಮಸ್ಕಾರ.

ಪಂಪ ರಾಜನ ಅನ್ನ ತಿಂದು ರಾಜನನ್ನೇ ಹೊಗಳಿದ. ಅದನ್ನ ಈಗ ಯಾಕೆ ಓದಬೇಕು?

ಹೊಗಳಿದ್ದು ನಿಜ. ವೇಮುಲವಾಡದ ಅರಿಕೇಸರಿಯೇ ಅರ್ಜುನ ಅಂತ ಇಟ್ಟುಕೊಂಡು ಇಡೀ ಭಾರತವನ್ನು ಹೆಣೆದ, ಬದಲಿಗೆ ಧರ್ಮಪುರ ಅನ್ನುವ ಅಗ್ರಹಾರ ಬಂತು. ವ್ಯವಹಾರ ಮುಚ್ಚಿಟ್ಟದ್ದೇನಲ್ಲ. ಆದರೆ ಅದೇ ಪಂಪ, ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ ಅಣ್ಣ, ಒಂದೇ ಮನಸ್ಸಿಂದ ನೆನೆಯುವುದಾದರೆ ಕರ್ಣನನ್ನು ನೆನೆ ಅನ್ನುತ್ತಾನೆ. ಸೂತನ ಮನೆಯಲ್ಲಿ ಬೆಳೆದವನನ್ನು, ಅರ್ಜುನನ ಅಂದರೆ ಅರಿಕೇಸರಿಯ ಎದುರಾಳಿಯನ್ನು! ಕುಲ ಕುಲವಲ್ಲ, ಛಲ ಕುಲ, ಗುಣ ಕುಲ ಅನ್ನುವ ಮಾತೂ ಆ ಕಾವ್ಯದ್ದೇ. ಅರಿಕೇಸರಿ ಸಭೆಯಲ್ಲಿ ಕೂತು ಇದನ್ನು ಕೇಳುವಾಗ ಮುಖ ಹೇಗಿಟ್ಟುಕೊಂಡಿದ್ದನೋ. ಬಹುಶಃ ತಲೆದೂಗಿರಬೇಕು, ಪದ್ಯ ಅಷ್ಟು ಚೆನ್ನಾಗಿದೆ. ಇವತ್ತು ಅರಿಕೇಸರಿಯ ಹೆಸರು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತದೆ.

ರಾಜನ ಹಂಗೇ ಇಲ್ದ ದೊಡ್ಡ ಕಾವ್ಯ ಒಂದೂ ಇಲ್ವಾ?

ಕುಮಾರವ್ಯಾಸನ ಭಾರತ ಇದೆ. ಅವನ ಒಡೆಯ ಗದುಗಿನ ವೀರನಾರಾಯಣ, ಮನುಷ್ಯನಲ್ಲ. ಅರಸನನ್ನು ರಾಕ್ಷಸ, ಮಂತ್ರಿಯನ್ನು ಮೊರೆವ ಹುಲಿ, ಪರಿವಾರವನ್ನು ಹದ್ದಿನ ಗುಂಪು ಅಂದು ‘ಬಡವರ ಬಿನ್ನಪವನಿನ್ನಾರು ಕೇಳುವರು’ ಅಂತ ಕೇಳಿದ್ದು ಈ ಕಾವ್ಯವೇ. ಈಗಲೂ ಪೇಪರಿನಲ್ಲಿ ಯಾವುದಾದರೂ ಹಗರಣ ಬಂದಾಗ ಯಾರಾದರೂ ಈ ಪದ್ಯ ಎತ್ತುತ್ತಾರೆ. ಅದು ಉಳಿದದ್ದು ಊರ ಜಗಲಿಗಳಲ್ಲಿ, ಗಮಕಿಯ ಗಂಟಲಲ್ಲಿ. ಓದು ಬಾರದವರೂ ಭಾಮಿನಿ ಷಟ್ಪದಿಯನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿದ್ದರು. ಆದರೆ ಆ ಕವಿಯೇ ತನ್ನ ಕಾವ್ಯ ಅರಸರಿಗೆ ವೀರ, ದ್ವಿಜರಿಗೆ ವೇದದ ಸಾರ, ಮಂತ್ರಿಗಳಿಗೆ ಬುದ್ಧಿ ಅಂತ ಪಟ್ಟಿ ಕೊಟ್ಟಿದ್ದಾನೆ. ಜಾಣ. ಎಲ್ಲರ ಮನೆಗೂ ಒಂದು ಬಾಗಿಲು ಇಟ್ಟುಕೊಂಡ.

ವೀರಗಲ್ಲು ಸಾಮಾನ್ಯ ಜನರದ್ದು ಅಂತಾರಲ್ಲ, ನಿಜಾನಾ?

ಕಲ್ಲು ಅವರದ್ದು. ಮೌಲ್ಯ ಯಾರದ್ದು ಅನ್ನುವುದು ಇನ್ನೊಂದು ಪ್ರಶ್ನೆ. ನಮ್ಮ ಕಡೆ ಊರ ಹೊರಗೆ, ಕೆರೆ ಏರಿ ಮೇಲೆ, ಎಷ್ಟೋ ಸಲ ಬಟ್ಟೆ ಒಗೆಯುವ ಚಪ್ಪಡಿಯಾಗಿ ಬೋರಲು ಬಿದ್ದ ವೀರಗಲ್ಲು ಸಿಗುತ್ತವೆ. ಕೆಳಗಿನ ಪಟ್ಟಿಯಲ್ಲಿ ಜಗಳ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಊರಿನ ದನ ಹೊಡೆದುಕೊಂಡು ಹೋದವರ ಮೇಲೆ ಬಿದ್ದು ಸತ್ತವರು ತುಂಬ ಜನ. ಅರಸನ ಕಲ್ಲಲ್ಲಿ ಜಾಗ ಸಿಗದವರಿಗೆ ಇಲ್ಲಿ ಜಾಗ ಸಿಕ್ಕಿದೆ. ಮಂಡ್ಯ ಜಿಲ್ಲೆಯ ಆತಕೂರಿನದಂತೂ, 949ರ ಸುಮಾರಿನದು, ಕಾಳಿ ಎಂಬ ನಾಯಿಗೆ ನಿಲ್ಲಿಸಿದ್ದು. ಯುದ್ಧದಲ್ಲಿ ಗೆದ್ದ ಮಣಲೇರ ಎಂಬ ವೀರನಿಗೆ ಒಡೆಯ ಏನು ಬೇಕು ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಕಾಳಿಯನ್ನು ಕೊಡಿ ಅಂದ. ಆಮೇಲೆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು ಎರಡೂ ಸತ್ತವು. ಕಲ್ಲಲ್ಲಿ ಆ ಜಗಳ ಇವತ್ತಿಗೂ ನಡೆಯುತ್ತಿದೆ, ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ.

ಆದರೆ ಆ ಕಾಲದವರು ‘ಜೋಳವಾಳಿ’ ಅನ್ನುತ್ತಿದ್ದರು. ಒಡೆಯನ ಜೋಳ ಉಂಡಿದ್ದೀಯ, ಋಣ ಇದೆ, ಪ್ರಾಣ ಕೊಟ್ಟು ತೀರಿಸು. ಈ ಮಾತು ಯಾರಿಗೆ ಲಾಭ ಅಂತ ಯೋಚನೆ ಮಾಡಿ. ಬಡವನ ಹೆಸರಿನ ಕಲ್ಲು ಇಷ್ಟೊಂದು ಉಳಿದಿದೆ ಅಂದರೆ, ಸಾಯಲು ತಯಾರಾಗಿರುವುದನ್ನು ಹೊಗಳುವುದರಲ್ಲಿ ಮೇಲಿನವರಿಗೂ ಆಸಕ್ತಿ ಇತ್ತು. ಹೆಂಡತಿಯ ದುಃಖಕ್ಕೆ ನಿಲ್ಲಿಸಿದ ಕಲ್ಲು ನಾನಂತೂ ನೋಡಿಲ್ಲ. ಸಹಗಮನ ಹೋದರೆ ಮಾತ್ರ ಅವಳಿಗೂ ಕಲ್ಲು.

## ತಲೆ ಕೆಡಿಸಿಕೊಂಡವರು ಕೇಳುವವು

ಒಂದೇ ಕೆಲಸಕ್ಕೆ ಮೇಲಿನವರ ಕಥೆ, ಕೆಳಗಿನವರ ಕಥೆ ಎರಡೂ ಉಳಿದಿರೋದು ಎಲ್ಲಾದ್ರೂ ಇದೆಯಾ?

ಇದೆ, ಕಾರ್ಕಳದಲ್ಲಿ. ಅಲ್ಲಿನ ಗೊಮ್ಮಟ 1432ರದು, 42 ಅಡಿ. ಶಾಸನ ಓದಿದರೆ ವೀರಪಾಂಡ್ಯ ಭೈರರಸ, ಅವನ ವಂಶ, ಗುರು ಲಲಿತಕೀರ್ತಿ, ಶುಭದಿನ. ಓದಿ ಮುಗಿಸಿದರೆ ಧರ್ಮವಂತ ಅರಸನ ಚಿತ್ರ ಬರುತ್ತದೆ.

ಈಗ ಬೆಟ್ಟ ಇಳಿದು ಯಾವುದಾದರೂ ಮನೆಯ ಕೋಲಕ್ಕೆ, ಅಂದರೆ ದೈವದ ಸೇವೆಗೆ ಹೋಗಿ, ಕಲ್ಲುರ್ಟಿ ಕಲ್ಕುಡರ ಪಾಡ್ದನ, ಅಂದರೆ ಅವರ ಕಥೆ ಹೇಳುವ ಹಾಡು ಕೇಳಿ. ತುಳು ಬರದಿದ್ದರೆ ಪಕ್ಕದವರನ್ನು ಕೇಳಿ, ಹೇಳುತ್ತಾರೆ. ಬೀರ ಕಲ್ಕುಡ ಕಾರ್ಕಳದ ಗೊಮ್ಮಟನನ್ನು ಕೆತ್ತಿ ಮುಗಿಸುತ್ತಾನೆ. ಇಂಥದ್ದು ಇನ್ನೊಂದು ಊರಲ್ಲಿ ಆಗಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕಡಿಸುತ್ತಾನೆ. ಕಲ್ಕುಡ ವೇಣೂರಿಗೆ ಹೋಗಿ ಉಳಿದ ಒಂದು ಕೈ ಒಂದು ಕಾಲಲ್ಲೇ ಇನ್ನೊಂದು ಗೊಮ್ಮಟನನ್ನು ಕೆತ್ತಿ ನಿಲ್ಲಿಸುತ್ತಾನೆ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅವನ ಸ್ಥಿತಿ ನೋಡುತ್ತಾಳೆ. ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ, ಅರಸನನ್ನು ಕಾಡುತ್ತಾರೆ.

ಲೆಕ್ಕಕ್ಕೆ ಇದು ಕೂಡುವುದಿಲ್ಲ. ವೇಣೂರಿನ ಗೊಮ್ಮಟ 1604ರದು, ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು. ನಡುವೆ 172 ವರ್ಷ. ಒಬ್ಬನೇ ಮನುಷ್ಯ ಎರಡನ್ನೂ ಕೆತ್ತಲು ಸಾಧ್ಯವಿಲ್ಲ. ಹಾಗಾದರೆ ಪಾಡ್ದನ ಸುಳ್ಳಾ? ತಾರೀಕಿನ ಮಟ್ಟಿಗೆ ಸುಳ್ಳು. ಆದರೆ ಮಾಡಿದವನಿಗೂ ಮಾಡಿಸಿದವನಿಗೂ ನಡುವೆ ಇದ್ದ ಭಯವನ್ನು, ಹೊಟ್ಟೆಕಿಚ್ಚನ್ನು, ನಿನ್ನ ಕೈ ನನ್ನ ಆಸ್ತಿ ಅನ್ನುವ ದರ್ಪವನ್ನು ಶಾಸನದ ಯಾವ ಸಾಲೂ ಹೇಳಿಲ್ಲ, ಇದು ಹೇಳಿದೆ. ಅದನ್ನು ಹಾಡುವವರು ಯಾರು? ನಲಿಕೆ, ಪರವ, ಪಂಬದರು, ಬೇರೆ ದಿನ ಮನೆಯೊಳಗೆ ಕರೆಯದವರು. ಕೇಳುವವರು ಯಾರು? ಕೋಲ ನಡೆಸುವ ಗುತ್ತಿನ ಮನೆಯವರು, ಜಮೀನಿದ್ದವರು, ಆ ಹೊತ್ತಿಗೆ ಕೈ ಮುಗಿದು ನಿಂತವರು. ಎಣ್ಣೆ, ಅಕ್ಕಿ, ಅಣಿ, ದೊಂದಿಯ ಖರ್ಚು ಅವರದ್ದೇ. ಅರಸನ ಕ್ರೌರ್ಯದ ಕಥೆಯನ್ನು ಉಳ್ಳವರ ಅಂಗಳದಲ್ಲಿ, ಉಳ್ಳವರ ಖರ್ಚಲ್ಲಿ, ಇಲ್ಲದವರ ಬಾಯಲ್ಲಿ ಪ್ರತಿ ವರ್ಷ ಹೊಸದಾಗಿ ಹೇಳಲಾಗುತ್ತದೆ. ದೈವ ಒಕ್ಕಲಿನ ಪರವಾಗಿ ಧಣಿಯನ್ನು ಗದರುವುದೂ ಉಂಟು. ಮರುದಿನ ಬೆಳಗ್ಗೆ ಅದೇ ಧಣಿ, ಅದೇ ಒಕ್ಕಲು ಅನ್ನುವುದೂ ನಿಜ, ಅದನ್ನು ಮರೆತು ರೋಮಾಂಚನ ಪಡುವವರನ್ನು ಕಂಡರೆ ನನಗೆ ಕಸಿವಿಸಿ.

ಜಾನಪದ ಅಂದ್ರೆ ಅಪ್ಪಟ ಜನರ ದನಿ. ಅದಕ್ಕೆ ಯಾರ ಹಂಗೂ ಇಲ್ಲ ಅಲ್ವಾ?

ಹಾಡುವಾಗ ಇಲ್ಲದೆ ಇರಬಹುದು, ಪುಸ್ತಕಕ್ಕೆ ಬರುವಾಗ ಇದೆ. ಹಲಸಂಗಿ ಗೆಳೆಯರು 1931ರಲ್ಲಿ ತಂದ ‘ಗರತಿಯ ಹಾಡು’ ದೊಡ್ಡ ಉಪಕಾರ, ಅದಿಲ್ಲದಿದ್ದರೆ ಎಷ್ಟೋ ತ್ರಿಪದಿ ನಮಗೆ ಸಿಗುತ್ತಿರಲಿಲ್ಲ. ಆದರೆ ಹೆಸರು ನೋಡಿ. ಗರತಿ. ಬೀಸುವ ಕಲ್ಲಿನ ಮುಂದೆ ಕೂತವರೆಲ್ಲ ಗರತಿಯರೇ ಆಗಿರಬೇಕಾ? ನಮ್ಮಜ್ಜಿಗೆ ಬರುತ್ತಿದ್ದ ಕೆಲವು ಪದಗಳನ್ನು ಗಂಡಸರು ಬಂದ ಕೂಡಲೇ ನಿಲ್ಲಿಸಿಬಿಡುತ್ತಿದ್ದಳು. ಟೇಪ್ ಹಿಡಿದು ಬಂದವರ ಮುಂದೆ ಅವನ್ನು ಹಾಡುತ್ತಿದ್ದಳಾ? ಇಲ್ಲ. ದೇವರ ಪದ, ತವರಿನ ಪದ ಹಾಡಿ ಕಾಫಿ ಕೊಟ್ಟು ಕಳಿಸುತ್ತಿದ್ದಳು.

ಹಾಗಿದ್ದೂ ಸೋಸಿದ ಮೇಲೂ ಖಾರ ಉಳಿದದ್ದಿದೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಸ್ವಾಮಿ ಗಬ್ಬು ನಾರುವ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಬಾಗಿಲು ಕಾಯುವವರು ಒಳಗೆ ಬಿಡುವುದಿಲ್ಲ. ಎಲ್ಲರೂ ಸಮ ಅಂತ ಹೇಳಿದ ಕಲ್ಯಾಣಕ್ಕೂ ಒಂದು ಬಾಗಿಲು ಇತ್ತು, ಅದಕ್ಕೂ ಕಾವಲು ಇತ್ತು ಅಂತ ಹೇಳುವುದು ಈ ಕಾವ್ಯ. ಪ್ರತಿಭಟನೆಯ ಕಲೆಯೂ ಮುಂದೊಂದು ದಿನ ದೊಡ್ಡವರ ಕಲೆಯಾಗಿಬಿಡುತ್ತದೆ, ಆಗ ಅದನ್ನು ಕೇಳುವವರು ಇನ್ನೂ ಕೆಳಗಿಂದ ಬರುತ್ತಾರೆ.

ಮೇಲಿನವರ ಮೌಲ್ಯ ಅಂತ ಪದೇ ಪದೇ ಅಂತೀರಿ. ಮೇಲಿನವರು ಅಂದ್ರೆ ಒಂದೇ ತರಾನಾ?

ಅಲ್ಲ, ಇದನ್ನು ಮೊದಲೇ ಹೇಳಬೇಕಿತ್ತು. ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ 18ನೇ ಶತಮಾನದಲ್ಲಿ ತೆಲುಗಿನಲ್ಲಿ ರಾಧಿಕಾ ಸಾಂತ್ವನ ಬರೆದಳು. ಆಸ್ಥಾನ ಮೆಚ್ಚಿತು. ನೂರೈವತ್ತು ವರ್ಷ ಕಳೆಯುವಷ್ಟರಲ್ಲಿ ಇಂಗ್ಲಿಷ್ ಕಲಿತ ಹೊಸ ದೊಡ್ಡವರಿಗೆ ಅದೇ ಕಾವ್ಯ ಅಸಹ್ಯವಾಯಿತು. ಮೊದಲು ಅಚ್ಚಾದ ಪ್ರತಿಯಲ್ಲಿ ಕವಯಿತ್ರಿ ತನ್ನ ಬಗ್ಗೆ ಹೇಳಿಕೊಂಡ ಭಾಗವೇ ಮಾಯ. ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ ಹಳೆಯ ಪ್ರತಿ ಹುಡುಕಿ 1910ರಲ್ಲಿ ಪೂರ್ತಿ ಪಠ್ಯ ಅಚ್ಚು ಹಾಕಿಸಿದರು. ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ. ಅದೇ ನಾಗರತ್ನಮ್ಮ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಸ್ವಂತ ದುಡ್ಡು ಹಾಕಿ ಗುಡಿ ಕಟ್ಟಿಸಿದರು, ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಈಗ ಹೇಳಿ, ಮುದ್ದುಪಳನಿಯದ್ದು ಉಳ್ಳವರ ಕಲೆಯಾ, ಉಳ್ಳವರು ತುಳಿದ ಕಲೆಯಾ? ಎರಡೂ. ಕಾಲ ಬದಲಾದರೆ ಉಳ್ಳವರೂ ಬದಲಾಗುತ್ತಾರೆ, ಕೃತಿ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಕನಕದಾಸರ ರಾಗಿ-ಭತ್ತದ ಜಗಳದಲ್ಲಿ ರಾಗಿ ಗೆದ್ದಿತು, ಸರಿ. ಆದ್ರೆ ತೀರ್ಪು ಕೊಟ್ಟಿದ್ದು ರಾಜಾನೇ ಅಲ್ವಾ?

ಇದನ್ನು ಕೇಳಿದ್ದು ಒಂಬತ್ತನೇ ತರಗತಿಯ ಹುಡುಗಿ, ನಾನು ಅವತ್ತು ಉತ್ತರ ಕೊಡಲಾಗದೆ ನೀರು ಕುಡಿದೆ. ರಾಮಧಾನ್ಯ ಚರಿತೆಯಲ್ಲಿ ಬಡವರ ಕಡೆ ಕಣ್ಣೆತ್ತಿ ನೋಡದವನು ನೀನು ಅಂತ ರಾಗಿ ಭತ್ತಕ್ಕೆ ಮುಖಕ್ಕೆ ಹೇಳುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಹೊರಗೆ ಬರುತ್ತದೆ, ರಾಘವನ ಹೆಸರೇ ಅದಕ್ಕೆ ಸಿಗುತ್ತದೆ. ಹೌದಮ್ಮ, ತೀರ್ಪು ರಾಜನದ್ದು, ಮರ್ಯಾದೆಯೂ ರಾಜನ ಹೆಸರಿಂದಲೇ. ಕೆಳಗಿನವರ ಕಲೆ ಎಷ್ಟೋ ಸಲ ಹೀಗೆ ಮೇಲಿನವರ ಮುದ್ರೆ ಹಾಕಿಸಿಕೊಂಡೇ ಬದುಕಿದೆ. ಆದರೆ ಒಂದು ಸಂಗತಿ ರಾಮನ ಕೈಯಲ್ಲೂ ಇರಲಿಲ್ಲ. ರಾಗಿ ಕೆಡುವುದಿಲ್ಲ. ಹಗೇವಿನಲ್ಲಿ ಹಾಕಿ ಮುಚ್ಚಿದರೆ ವರ್ಷಗಟ್ಟಲೆ ಇರುತ್ತದೆ, ಅದು ಬೆಳೆದವರಿಗೆಲ್ಲ ತೀರ್ಪಿಗೆ ಮೊದಲೇ ಗೊತ್ತಿತ್ತು.

ಈಗ ಎಲ್ರ ಕೈಲೂ ಫೋನ್ ಇದೆ. ಇನ್ಮುಂದೆ ಎಲ್ರದ್ದೂ ಉಳಿಯುತ್ತೆ ಬಿಡಿ!

ಮಾಡುವುದು ಸುಲಭವಾಗಿದೆ, ಕಾಯುವುದಲ್ಲ. ಓಲೆಗರಿಯನ್ನು ಕೆಲವು ತಲೆಮಾರಿಗೊಮ್ಮೆ ನಕಲು ಮಾಡಿಸಿದರೆ ಸಾಕಿತ್ತು, ಫೈಲನ್ನು ಕೆಲವು ವರ್ಷಕ್ಕೊಮ್ಮೆ ಹೊಸ ಡಬ್ಬಿಗೆ ಸಾಗಿಸಬೇಕು. ಅದು ಕೂತಿರುವ ಸರ್ವರಿನ ಬಾಡಿಗೆ ಯಾರೋ ಕಟ್ಟುತ್ತಿದ್ದಾರೆ, ಲಾಭ ಇರುವಷ್ಟು ದಿನ ಕಟ್ಟುತ್ತಾರೆ. ಅವರಲ್ಲಿ ಅತ್ತಿಮಬ್ಬೆ ಎಷ್ಟು ಜನ ಅಂತ ನೋಡಬೇಕು.

ನನ್ನದೇ ಒಂದು ಹೇಳುತ್ತೇನೆ. ಚಿಕ್ಕಲ್ಲೂರು ಜಾತ್ರೆಯಲ್ಲಿ, ಚಂದ್ರಮಂಡಲ ಹೊತ್ತಿಸಿದ ರಾತ್ರಿ, ಬಯಲಲ್ಲಿ ಕಂಬಳಿ ಹೊದ್ದು ಕೂತು ನೀಲಗಾರರೊಬ್ಬರ ಹಾಡನ್ನು ಬೆಳಗಿನವರೆಗೂ ಫೋನಿನಲ್ಲಿ ಹಿಡಿದೆ. ನಾಲ್ಕು ಗಂಟೆಗೂ ಜಾಸ್ತಿ ಇತ್ತು. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗ, ನಡುವೆ ತಂಬೂರಿ ತಂತಿ ಕಿತ್ತು ಅವರು ಬೈದುಕೊಂಡದ್ದೂ ಸೇರಿ. ತಿಂಗಳಾದ ಮೇಲೆ ಪರದೆ ಒಡೆಯಿತು ಅಂತ ಅಂಗಡಿಗೆ ಕೊಟ್ಟೆ, ಹುಡುಗ ಎಲ್ಲ ಅಳಿಸಿ ಹೊಸದು ಮಾಡಿ ಕೊಟ್ಟ. ಮುಂದಿನ ವರ್ಷ ಅವರನ್ನೇ ಹುಡುಕಿಕೊಂಡು ಹೋಗಿ ನಡೆದದ್ದನ್ನು ಹೇಳಿ, ಹೋದ ಸಲದ್ದೇ ಇನ್ನೊಂದು ಸಲ ಹಾಡಿ ಅಂತ ಕೇಳಿದೆ. ತಂತಿ ಬಿಗಿ ಮಾಡುತ್ತಾ ನಕ್ಕರು. ‘ವೋದ ಸಲದ್ದು ವೋಯ್ತು ಬುಡಿ ಸಾ. ಈ ಸಲದ್ದು ಕೇಳಿ.’